ಇಂದು ಕಾರು, ನಾಳೆ ಕೋಣ: ಓಟ ನೋಡಲೂ ಚಂದಾ ಕಟ್ಟಬೇಕೆ?

ಯುರೋಪಿನಲ್ಲಿ ನಡೆಯುವ ಫಾರ್ಮುಲಾ ಒನ್ ರೇಸ್‌ಗಳು ಹೆಚ್ಚಾಗಿ ನಮ್ಮ ಭಾನುವಾರ ಸಂಜೆ ಆರೂವರೆ ಹೊತ್ತಿಗೆ ಶುರುವಾಗುತ್ತವೆ. ಡೈರಿಗೆ ಹಾಲು ಹಾಕಿ ಬಂದು, ಕೈಕಾಲು ತೊಳೆದು, ಚಾ ಕುಡಿಯುತ್ತಾ ಟಿವಿ ಹಾಕುವ ಹೊತ್ತು ಅದು. 2022ರವರೆಗೆ ಆ ಹೊತ್ತಿಗೆ ರಿಮೋಟ್ ಒತ್ತಿದರೆ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಕಾರುಗಳು ಓಡುತ್ತಿದ್ದವು. ಈಗ ಚಾನೆಲ್ ಎಷ್ಟು ತಿರುಗಿಸಿದರೂ ಸಿಗುವುದಿಲ್ಲ. ರೇಸ್ ನಿಂತಿಲ್ಲ, ವರ್ಷಕ್ಕೆ 24 ರೇಸ್ ನಡೆಸುವಷ್ಟು ಬೆಳೆದಿದೆ. ಆದರೆ ಅದು ನಮ್ಮ ಟಿವಿಯಿಂದ ಎದ್ದು ಹೋಗಿ, ಹಣ ಕಟ್ಟಿದವರಿಗೆ ಮಾತ್ರ ಬಾಗಿಲು ತೆಗೆಯುವ ಆ್ಯಪ್ ಒಳಗೆ ಕುಳಿತಿದೆ.

"ಹೋದರೆ ಹೋಗಲಿ, ಶ್ರೀಮಂತರ ಆಟ, ನಮಗೇನು?" ಎನ್ನುವವರು ನಮ್ಮೂರಲ್ಲಿ ಬಹಳ ಮಂದಿ ಇದ್ದಾರೆ. ಈ ಬರಹ ಅವರಿಗಾಗಿಯೇ. ಕಾರಿನ ಓಟಕ್ಕೆ ಆದದ್ದು ಕ್ರಿಕೆಟ್ಟಿಗೂ ಆಯಿತು. ನಾವು ಬಾಯಿ ಮುಚ್ಚಿ ಕುಳಿತರೆ ಕಂಬಳಕ್ಕೂ ಆದೀತು. ಆಟ ನೋಡುವುದನ್ನು ಚಂದಾದಾರರಿಗೆ ಮಾತ್ರ ಎಂದು ಕಟ್ಟಿಹಾಕುವುದು ಊರಿನವರಿಗೆ ಮಾಡುವ ಅನ್ಯಾಯ. ಕೊನೆಗೆ ಅದು ಆ ಆಟಕ್ಕೂ ನಷ್ಟ. ಇದು ನಮ್ಮ ವಾದ.

ಬಾಗಿಲು ಮುಚ್ಚಿದ್ದು ಹೇಗೆ?

ಮೊದಲು ಸತ್ಯ ಹೇಳಿಬಿಡೋಣ. ಸ್ಟಾರ್ ಸ್ಪೋರ್ಟ್ಸ್ ಎಂದೂ ಪೂರ್ತಿ ಪುಕ್ಕಟೆ ಆಗಿರಲಿಲ್ಲ. ಕೇಬಲ್‌ನವನಿಗೆ ತಿಂಗಳ ಹಣ ಕೊಡುತ್ತಿದ್ದೆವು. ಆದರೆ ಅದು ಮನೆಗೊಂದು ಬಿಲ್ಲು. ಆ ಬಿಲ್ಲಿನಲ್ಲಿ ಅಜ್ಜಿಯ ಧಾರಾವಾಹಿಯೂ ಬರುತ್ತಿತ್ತು, ಅಪ್ಪನ ವಾರ್ತೆಯೂ ಬರುತ್ತಿತ್ತು, ಮಕ್ಕಳ ರೇಸೂ ಬರುತ್ತಿತ್ತು. ರೇಸ್ ನೋಡಲೆಂದೇ ಪ್ರತ್ಯೇಕವಾಗಿ ಯಾರೂ ಹಣ ಕೊಡುತ್ತಿರಲಿಲ್ಲ.

2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ದರ ನಿಯಮ ಬಂತು. ಬೇಕಾದ ಚಾನೆಲ್‌ಗೆ ಮಾತ್ರ ಹಣ ಕೊಡಿ ಎಂದರು. ಕೇಳಲು ಚೆನ್ನಾಗಿತ್ತು. ಆದರೆ ಬಿಲ್ಲು ಜಾಸ್ತಿಯಾಯಿತೆಂದು ಹಲವು ಮನೆಗಳು ಮೊದಲು ಕೈಬಿಟ್ಟದ್ದು ಸ್ಪೋರ್ಟ್ಸ್ ಚಾನೆಲ್‌ಗಳನ್ನೇ. 2023ಕ್ಕೆ ಫಾರ್ಮುಲಾ ಒನ್‌ಗೆ ಭಾರತದಲ್ಲಿ ಟಿವಿ ಚಾನೆಲ್ಲೇ ಇಲ್ಲದಂತಾಯಿತು, ಅವರದೇ ಎಫ್1 ಟಿವಿ ಆ್ಯಪ್‌ಗೆ ಹಣ ಕಟ್ಟಿ ನೋಡಬೇಕಾಯಿತು. 2024ರಿಂದ ಹಕ್ಕು ಫ್ಯಾನ್‌ಕೋಡ್‌ಗೆ ಹೋಯಿತು. ಅದೂ ಚಂದಾ ಕಟ್ಟಿ ನೋಡುವ ಆ್ಯಪ್. ಹೀಗೆ ಮನೆಯ ಬಿಲ್ಲಿನಿಂದ ಚಾನೆಲ್‌ನ ಬಿಲ್ಲಿಗೆ, ಅಲ್ಲಿಂದ ಒಂದೇ ಆಟದ ಬಿಲ್ಲಿಗೆ ಬಂದು ನಿಂತೆವು.

ಕ್ರಿಕೆಟ್ಟಿನ ಕಥೆ ನಿಮಗೇ ಗೊತ್ತು. 2023ರಲ್ಲಿ ಜಿಯೋ ಸಿನಿಮಾ ಐಪಿಎಲ್ ಅನ್ನು ಮೊಬೈಲಿನಲ್ಲಿ ಪುಕ್ಕಟೆ ತೋರಿಸಿತು. ಬಸ್ಸಿನಲ್ಲಿ, ಬೀಡಿ ಕಟ್ಟುವ ಜಗಲಿಯಲ್ಲಿ, ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಎಲ್ಲರ ಕೈಯಲ್ಲೂ ಮ್ಯಾಚ್. ಅಭ್ಯಾಸ ಆಗುವವರೆಗೆ ಪುಕ್ಕಟೆ. 2025ರ ಫೆಬ್ರವರಿಯಲ್ಲಿ ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೋಹಾಟ್‌ಸ್ಟಾರ್ ಆಯಿತು. ಅಲ್ಲಿಂದ ಸ್ವಲ್ಪ ಹೊತ್ತು ತೋರಿಸಿ ಆಮೇಲೆ ಚಂದಾ ಕೇಳತೊಡಗಿದರು, ಇಲ್ಲವಾದರೆ ಇಷ್ಟು ರೂಪಾಯಿಯ ರಿಚಾರ್ಜ್ ಮಾಡಿ ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಇದರ ಹಿಂದಿನ ಲೆಕ್ಕ ಸುಲಭ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅಷ್ಟು ಸುರಿದವರು ಅದನ್ನು ಯಾರಿಂದಲಾದರೂ ವಸೂಲು ಮಾಡಲೇಬೇಕು. ಮೊದಲು ಜಾಹೀರಾತುದಾರರಿಂದ ಮಾಡುತ್ತಿದ್ದರು. ಈಗ ಜಾಹೀರಾತೂ ಇದೆ, ಚಂದಾವೂ ಇದೆ.

ಅದು ನಮ್ಮ ಆಟವೇ ಅಲ್ಲವೇ?

ಕಾರು ರೇಸಿಗೂ ತುಳುನಾಡಿಗೂ ಏನು ಸಂಬಂಧ ಎನ್ನುವವರಿಗೆ ಒಂದೆರಡು ಮಾತು.

ಫಾರ್ಮುಲಾ ಒನ್‌ನಲ್ಲಿ ಹತ್ತು ವರ್ಷ 'ಫೋರ್ಸ್ ಇಂಡಿಯಾ' ಎಂಬ ತಂಡ ಓಡಿತು. 2008ರಲ್ಲಿ ಅದನ್ನು ಕಣಕ್ಕಿಳಿಸಿದ ವಿಜಯ್ ಮಲ್ಯ ಅವರ ಕುಟುಂಬದ ಮೂಲ ನಮ್ಮ ಬಂಟ್ವಾಳ. ಮಲ್ಯರ ಸಾಲದ ಕಥೆ ಬೇರೆ, ಅದನ್ನು ಕೋರ್ಟುಗಳು ನೋಡಿಕೊಳ್ಳಲಿ. ಆದರೆ 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಆ ತಂಡದ ಕಾರು ಎಲ್ಲರಿಗಿಂತ ಮುಂದೆ ನಿಂತು ರೇಸ್ ಆರಂಭಿಸಿ ಎರಡನೆಯದಾಗಿ ಗುರಿ ಮುಟ್ಟಿದ್ದನ್ನು ನಮ್ಮ ಊರಿನ ಮನೆಗಳಲ್ಲೂ ಟಿವಿಯಲ್ಲಿ ನೋಡಲು ಸಾಧ್ಯವಿತ್ತು. ಇಂದು ಅಂಥದೇ ಒಂದು ದಿನ ಬಂದರೆ ನಮಗೆ ತಿಳಿಯುವುದು ಮರುದಿನದ ಪೇಪರಿನಲ್ಲಿ.

ಪಕ್ಕದ ಕಾಸರಗೋಡಿನ ಮೂಸಾ ಶರೀಫ್ ದೇಶದ ಹೆಸರಾಂತ ರ‍್ಯಾಲಿ ಸಹಚಾಲಕರು. ಚಾಲಕನ ಪಕ್ಕ ಕುಳಿತು, ಮುಂದಿನ ತಿರುವು ಎಷ್ಟು ಕಡಿದು, ಎಲ್ಲಿ ಬ್ರೇಕ್ ಹಿಡಿಯಬೇಕು ಎಂದು ಕ್ಷಣಕ್ಷಣಕ್ಕೂ ಹೇಳುವ ಕೆಲಸ ಅದು. ಗೌರವ್ ಗಿಲ್ ಜೊತೆ ಅವರು ರಾಷ್ಟ್ರೀಯ ಚಾಂಪಿಯನ್ ಆದವರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಜಗತ್ತಿನ ಅತ್ಯಂತ ಕಠಿಣವಾದ ಡಾಕರ್ ರ‍್ಯಾಲಿಯನ್ನು ಬೈಕಿನಲ್ಲಿ ಮುಗಿಸಿದರು. ಬೆಂಗಳೂರಿನದೇ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್ ರ‍್ಯಾಲಿಯ ಮಹಿಳಾ ವಿಶ್ವಕಪ್ ಗೆದ್ದರು. ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಎಫ್2 ಸ್ಪ್ರಿಂಟ್ ರೇಸ್ ಗೆದ್ದು, ಅಲ್ಲಿ ಎಫ್2 ರೇಸ್ ಗೆದ್ದ ಮೊದಲ ಭಾರತೀಯನಾದರು.

ಇವರಲ್ಲಿ ಎಷ್ಟು ಮಂದಿಯ ಹೆಸರು ನಿಮಗೆ ಗೊತ್ತಿತ್ತು? ವಿರಾಟ್ ಕೊಹ್ಲಿಯ ಊಟದ ಪಟ್ಟಿ ಗೊತ್ತಿರುವ ನಮ್ಮ ಹುಡುಗರಿಗೆ ಕಾಸರಗೋಡಿನ ರ‍್ಯಾಲಿ ಚಾಂಪಿಯನ್ ಗೊತ್ತಿಲ್ಲ ಎಂದರೆ ತಪ್ಪು ಹುಡುಗರದಲ್ಲ. ತೋರಿಸಿದ್ದನ್ನು ಅವರು ನೋಡಿದರು. ತೋರಿಸದ್ದನ್ನು ಹೇಗೆ ನೋಡಿಯಾರು?

ಇನ್ನೊಂದು ಮಾತು. ಯಂತ್ರ ನಮ್ಮ ಊರಿನವರಿಗೆ ಹೊಸತಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗ್ಯಾರೇಜುಗಳಲ್ಲಿ ಇಂಜಿನ್‌ನ ಸದ್ದು ಕೇಳಿಯೇ ರೋಗ ಹೇಳುವವರಿದ್ದಾರೆ. ಐಟಿಐ, ಡಿಪ್ಲೊಮಾ ಮುಗಿಸಿ ಗಲ್ಫಿನ ವರ್ಕ್‌ಶಾಪ್‌ಗಳಲ್ಲಿ ದುಡಿಯುವವರಿದ್ದಾರೆ. ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಮಳೆ ಮಂಜಿನ ನಡುವೆ ಬಸ್ಸು ಹತ್ತಿಸುವ ಚಾಲಕರಿದ್ದಾರೆ. ಎರಡು ಮೂರು ಸೆಕೆಂಡಿನಲ್ಲಿ ನಾಲ್ಕು ಚಕ್ರ ಬದಲಿಸುವುದನ್ನು, ಒದ್ದೆ ರಸ್ತೆಗೆ ಬೇರೆ ಟಯರು ಹಾಕುವುದನ್ನು ನೋಡಿ ಅರ್ಥಮಾಡಿಕೊಳ್ಳುವ ಕಣ್ಣು ಇವರಿಗಿಂತ ಹೆಚ್ಚು ಯಾರಿಗಿದೆ? ರೇಸಿನ ಟಿಕೆಟ್ಟು ಶ್ರೀಮಂತರದಿರಬಹುದು, ಅದರ ವಿದ್ಯೆ ಗ್ಯಾರೇಜಿನದು.

"ಒಂದು ಚಾ-ಬನ್ಸಿನ ದುಡ್ಡು ಅಷ್ಟೇ ಅಲ್ಲವಾ?"

ಆ್ಯಪ್‌ನವರ ಪರವಾಗಿ ಹೇಳುವ ಮಾತುಗಳಿವೆ, ಅವನ್ನೂ ಕೇಳೋಣ. ಚಂದಾ ದೊಡ್ಡ ಮೊತ್ತವಲ್ಲ. ಜಾಹೀರಾತಿನ ಕಾಟ ಕಡಿಮೆ. ಅಭ್ಯಾಸ ಓಟ, ಅರ್ಹತಾ ಓಟ ಎಲ್ಲ ಸಿಗುತ್ತದೆ. ಟಿವಿಯವರು ರೇಸಿನ ನಡುವೆ ಬೇರೆ ಆಟಕ್ಕೆ ಹಾರುತ್ತಿದ್ದರು, ಇಲ್ಲಿ ಆ ತೊಂದರೆ ಇಲ್ಲ. ಪ್ರಸಾರಕ್ಕೆ ಖರ್ಚಿದೆ, ನೋಡುವವನು ಕೊಡಬೇಡವೇ?

ಇದರಲ್ಲಿ ಸುಳ್ಳಿಲ್ಲ. ರೇಸೆಂದರೆ ಪ್ರಾಣ ಬಿಡುವವನಿಗೆ ಈ ವ್ಯವಸ್ಥೆ ನಿಜಕ್ಕೂ ಒಳ್ಳೆಯದೇ. ಆದರೆ ಈ ಮಾತು ಹೇಳುವವರು ಪೇಟೆಯ ಒಬ್ಬ ನೋಡುಗನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಅವನ ಕೈಯಲ್ಲಿ ಒಳ್ಳೆಯ ಫೋನಿದೆ, ಮನೆಯಲ್ಲಿ ವೈಫೈ ಇದೆ, ತಿಂಗಳ ಸಂಬಳ ಬ್ಯಾಂಕಿಗೆ ಬರುತ್ತದೆ. ಊರಿನ ಲೆಕ್ಕ ಬೇರೆ.

ಒಂದು: ಆ್ಯಪ್ ಒಂದೇ ಅಲ್ಲ. ಕ್ರಿಕೆಟ್ಟಿಗೊಂದು, ರೇಸಿಗೊಂದು, ಫುಟ್‌ಬಾಲಿಗೊಂದು, ಸಿನಿಮಾಕ್ಕೆ ಮತ್ತೆರಡು. ಪ್ರತಿಯೊಂದೂ ಚಾ-ಬನ್ಸಿನ ದುಡ್ಡೇ. ಎಲ್ಲ ಸೇರಿದಾಗ ಮನೆಯ ಅಕ್ಕಿಯ ದುಡ್ಡು. ಒಮ್ಮೆ ಒಪ್ಪಿಗೆ ಕೊಟ್ಟರೆ ತಾನಾಗಿಯೇ ನವೀಕರಣವಾಗಿ ಖಾತೆಯಿಂದ ಹಣ ಹೋಗುವ ವ್ಯವಸ್ಥೆ ಬೇರೆ. ಅದನ್ನು ನಿಲ್ಲಿಸುವುದು ಹೇಗೆಂದು ಗೊತ್ತಿಲ್ಲದವರು ಎಷ್ಟು ಮಂದಿ!

ಎರಡು: ಡೇಟಾ. ರೇಸ್ ಮುಗಿಯಲು ಒಂದೂವರೆಯಿಂದ ಎರಡು ಗಂಟೆ. ಚಿತ್ರ ಸ್ಪಷ್ಟವಾಗಿ ಕಾಣುವಂತೆ ನೋಡಿದರೆ ದಿನದ ಒಂದೂವರೆ ಜಿಬಿ ಅಲ್ಲಿಗೇ ಖಾಲಿ. ಅಂದರೆ ಚಂದಾ ಒಮ್ಮೆ ಆ್ಯಪ್‌ಗೆ, ಇನ್ನೊಮ್ಮೆ ಸಿಮ್ ಕಂಪನಿಗೆ.

ಮೂರು: ನೆಟ್‌ವರ್ಕ್. ಕುದುರೆಮುಖದ ಬುಡದ ದಿಡುಪೆ, ಮಲವಂತಿಗೆ ಕಡೆಯವರನ್ನು ಕೇಳಿ. ಜುಲೈ ತಿಂಗಳ ಮಳೆಯಲ್ಲಿ ಕರೆಂಟು ಹೋದರೆ ಟವರೂ ಸುಮ್ಮನಾಗುತ್ತದೆ. ಫೋನು ಹಿಡಿದು ಗುಡ್ಡ ಹತ್ತಿ ರೇಸ್ ನೋಡಬೇಕೇ? ತಟ್ಟೆ ಆಂಟೆನಾಗೆ ಟವರಿನ ಹಂಗಿಲ್ಲ.

ನಾಲ್ಕು: ಫೋನು ಒಬ್ಬನದು, ಟಿವಿ ಮನೆಯದು. ಚಾವಡಿಯ ಟಿವಿಯಲ್ಲಿ ಆಟ ಬಂದರೆ ಪಕ್ಕದ ಮನೆಯವರೂ ಬಂದು ಕೂರುತ್ತಾರೆ. ಹೋಟೆಲಿನಲ್ಲಿ ಹಾಕಿದರೆ ಚಾ ಕುಡಿಯಲು ಬಂದವನೂ ನಿಂತು ನೋಡುತ್ತಾನೆ. ಆರು ಇಂಚಿನ ಪರದೆಗೆ ಎಷ್ಟು ಜನ ತಲೆ ಹಾಕಬಹುದು?

ಅಕಸ್ಮಾತ್ ನೋಡುವವನೇ ಆಟದ ಬೀಜ

ಎಲ್ಲಕ್ಕಿಂತ ದೊಡ್ಡ ಸಂಗತಿ ಇದು. ಚಂದಾ ಕಟ್ಟುವವನು ಈಗಾಗಲೇ ಅಭಿಮಾನಿ. ಆದರೆ ಅವನು ಮೊದಲ ಬಾರಿ ಅಭಿಮಾನಿಯಾದದ್ದು ಹೇಗೆ? ಏನನ್ನೋ ಹುಡುಕುತ್ತಾ ಚಾನೆಲ್ ತಿರುಗಿಸುವಾಗ ಕಣ್ಣಿಗೆ ಬಿದ್ದು. ಯಾರದೋ ಮನೆಯಲ್ಲಿ ಸುಮ್ಮನೆ ಕುಳಿತಾಗ ಕಂಡು. ನೋಡಿರದ ಆಟಕ್ಕೆ ಯಾರೂ ಮೊದಲೇ ಚಂದಾ ಕಟ್ಟುವುದಿಲ್ಲ. ಗೋಡೆ ಕಟ್ಟಿದಾಗ ಹೊರಗೆ ಉಳಿಯುವವನು ಹಳೆಯ ಅಭಿಮಾನಿಯಲ್ಲ, ನಾಳೆ ಅಭಿಮಾನಿಯಾಗಬೇಕಿದ್ದ ಹತ್ತು ವರ್ಷದ ಹುಡುಗ, ಹುಡುಗಿ.

ಇದಕ್ಕೆ ಸಾಕ್ಷಿ ಬೇಕಿದ್ದರೆ ದೂರ ಹೋಗುವುದು ಬೇಡ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ನಮ್ಮ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಕೋಣಗಳೊಂದಿಗೆ ಓಡಿದರು. ಯಾರದೋ ಮೊಬೈಲಿನ ವಿಡಿಯೊ ವಾಟ್ಸಾಪಿನಿಂದ ವಾಟ್ಸಾಪಿಗೆ ಹಾರಿ ದಿಲ್ಲಿ ಮುಟ್ಟಿತು. ಕಟ್ಟಡ ಕೆಲಸ ಮಾಡುವ ಯುವಕನನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿದರು. ಕೇಂದ್ರ ಕ್ರೀಡಾ ಸಚಿವರೇ ಸಾಯ್‌ನಲ್ಲಿ ಪರೀಕ್ಷೆಗೆ ಕರೆದರು. ಕೆಲವೇ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಇನ್ನೂ ಚುರುಕಾಗಿ ಓಡಿದ ಸುದ್ದಿ ಬಂತು.

ಕೆಸರು ಗದ್ದೆಯ ಓಟವನ್ನು ಟ್ರ್ಯಾಕಿನ ಓಟಕ್ಕೆ ಹೋಲಿಸಿದ್ದು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ನಮ್ಮ ಪ್ರಶ್ನೆ ಇಷ್ಟೇ: ಆ ವಿಡಿಯೊ ನೋಡಲು ಚಂದಾ ಕೇಳಿದ್ದರೆ ಏನಾಗುತ್ತಿತ್ತು? ಹಂಚಿಕೊಂಡರೆ ಹಕ್ಕುಸ್ವಾಮ್ಯದ ನೋಟಿಸು ಬರುತ್ತಿದ್ದರೆ? ಓಟ ಅಷ್ಟೇ ವೇಗವಾಗಿ ನಡೆಯುತ್ತಿತ್ತು. ಜಗತ್ತಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

ಬೇರೆ ದೇಶದವರು ಕಲಿತ ಪಾಠ

ಬ್ರಿಟನ್ ಕಾರು ರೇಸಿನ ತವರು. ಅಲ್ಲಿ ಬಿಬಿಸಿಯಲ್ಲಿ ಪುಕ್ಕಟೆ ಬರುತ್ತಿದ್ದ ಫಾರ್ಮುಲಾ ಒನ್ 2012ರಲ್ಲಿ ಅರ್ಧ ಭಾಗ ಸ್ಕೈ ಎಂಬ ಹಣದ ಚಾನೆಲ್‌ಗೆ ಹೋಯಿತು. 2019ರಿಂದ ಹೆಚ್ಚುಕಡಿಮೆ ಪೂರ್ತಿ ಸ್ಕೈಯದೇ. ಬ್ರಿಟಿಷ್ ಗ್ರ್ಯಾನ್ ಪ್ರೀ ಒಂದು ಮಾತ್ರ ಎಲ್ಲರಿಗೂ ನೇರವಾಗಿ ಕಾಣುತ್ತದೆ, ಉಳಿದವಕ್ಕೆ ಮುಖ್ಯಾಂಶ. ಜರ್ಮನಿಯಲ್ಲೂ ಹೀಗೆಯೇ. ಶೂಮಾಕರ್ ಕಾಲದಿಂದ ಮನೆಮನೆಗೆ ರೇಸ್ ತಂದ ಆರ್‌ಟಿಎಲ್ ಕೈಯಿಂದ ಹಕ್ಕು ಜಾರಿ 2021ರಲ್ಲಿ ಹಣದ ಚಾನೆಲ್‌ಗೆ ಹೋಯಿತು. ನೋಡುಗರು ಎಷ್ಟು ಕಡಿಮೆಯಾದರೆಂದರೆ, ಈಗ ಮತ್ತೆ ಕೆಲವು ರೇಸ್‌ಗಳನ್ನು ಆರ್‌ಟಿಎಲ್‌ನಲ್ಲೇ ಪುಕ್ಕಟೆ ತೋರಿಸುತ್ತಿದ್ದಾರೆ.

ಎಲ್ಲಕ್ಕಿಂತ ತಮಾಷೆಯ ಸಂಗತಿ 2021ರ ಡಿಸೆಂಬರಿನದು. ಹ್ಯಾಮಿಲ್ಟನ್ ಮತ್ತು ವರ್ಸ್ಟಾಪೆನ್ ಸಮಾನ ಅಂಕದಲ್ಲಿದ್ದರು, ಕೊನೆಯ ರೇಸಿನಲ್ಲಿ ಚಾಂಪಿಯನ್ ಯಾರೆಂದು ತೀರ್ಮಾನವಾಗಬೇಕಿತ್ತು. ಆ ದಿನ ಸ್ಕೈ ತಾನೇ ಮುಂದೆ ಬಂದು ಪುಕ್ಕಟೆ ಚಾನೆಲ್ ಆದ ಚಾನೆಲ್ 4ಕ್ಕೂ ನೇರಪ್ರಸಾರ ಬಿಟ್ಟುಕೊಟ್ಟಿತು. ಅಂದರೆ ದೊಡ್ಡ ಆಟಕ್ಕೆ ದೊಡ್ಡ ಜನ ಬೇಕು ಎಂಬುದು ಗೋಡೆ ಕಟ್ಟಿದವರಿಗೂ ಗೊತ್ತು. ಗೊತ್ತಿದ್ದೂ ಉಳಿದ ದಿನ ಬಾಗಿಲು ಹಾಕುತ್ತಾರೆ.

ಬ್ರಿಟನ್ನಿನಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ಕೆಲವು ಆಟಗಳನ್ನು ಕಾನೂನಿನಲ್ಲೇ ಪಟ್ಟಿ ಮಾಡಿ, ಅವನ್ನು ಎಲ್ಲರಿಗೂ ಸಿಗುವ ಟಿವಿಯಿಂದ ಕಸಿದು ಹಣದ ಚಾನೆಲ್ ಒಂದೇ ಇಟ್ಟುಕೊಳ್ಳದಂತೆ ತಡೆದಿದ್ದಾರೆ. ಆ ಪಟ್ಟಿಯಲ್ಲಿ ಒಲಿಂಪಿಕ್ಸ್, ವಿಶ್ವಕಪ್ ಫುಟ್‌ಬಾಲ್ ಇವೆ. ಜೊತೆಗೆ ಗ್ರ್ಯಾಂಡ್ ನ್ಯಾಷನಲ್ ಮತ್ತು ಡರ್ಬಿ ಎಂಬ ಎರಡು ಕುದುರೆ ಓಟಗಳೂ ಇವೆ. ಅಲ್ಲಿನವರಿಗೆ ತಮ್ಮ ಕುದುರೆ ಓಟ ಇಡೀ ನಾಡಿನ ಆಸ್ತಿ ಎನಿಸಿದರೆ, ನಮಗೆ ನಮ್ಮ ಕೋಣದ ಓಟ ಏನೆನಿಸಬೇಕು?

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮಲ್ಲೂ ಕಾನೂನು ಇಲ್ಲದಿಲ್ಲ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಒಂದು ಮೊಕದ್ದಮೆಯಲ್ಲಿ ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ, ಅವನ್ನು ಸಾರ್ವಜನಿಕರ ಹಿತಕ್ಕಾಗಿ ಬಳಸಬೇಕು ಎಂದಿತು. 2007ರ ಜನವರಿಯಲ್ಲಿ ಭಾರತ-ವೆಸ್ಟ್ ಇಂಡೀಸ್ ಏಕದಿನ ಸರಣಿಯ ಪ್ರಸಾರದ ಬಗ್ಗೆ ನಿಂಬಸ್ ಎಂಬ ಖಾಸಗಿ ಕಂಪನಿಗೂ ಪ್ರಸಾರ ಭಾರತಿಗೂ ಜಗಳವಾಯಿತು. ದೂರದರ್ಶನವನ್ನೇ ನಂಬಿದ್ದ ಮನೆಗಳು ಕಷ್ಟಕ್ಕೆ ಬಿದ್ದವು. ಜನರ ಸಿಟ್ಟು ನೋಡಿ ಕೇಂದ್ರ ಸರಕಾರ ಅದೇ ವರ್ಷ ಕಾನೂನು ತಂದಿತು. ರಾಷ್ಟ್ರೀಯ ಮಹತ್ವದ ಕ್ರೀಡೆ ಎಂದು ಸರಕಾರ ಘೋಷಿಸಿದ ಆಟಗಳ ನೇರ ಸಿಗ್ನಲನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಟಿವಿ ಜಾಹೀರಾತಿನ ಆದಾಯದಲ್ಲಿ ಕನಿಷ್ಠ ನೂರಕ್ಕೆ 75 ಪಾಲು ಹಕ್ಕು ಇರುವವರಿಗೇ ಸಿಗುತ್ತದೆ. ಅಂದರೆ ಯಾರ ಹೊಟ್ಟೆಯ ಮೇಲೂ ಹೊಡೆಯದೆ ಊರಿಗೂ ಆಟ ತೋರಿಸುವ ದಾರಿ ಇದೆ.

ಆದರೆ ಬೇಲಿಯಲ್ಲಿ ಕಂಡಿಗಳಿವೆ. ಮೊದಲನೆಯದು, ಕಾನೂನು ಬರೆದಾಗ ಕಣ್ಣ ಮುಂದೆ ಇದ್ದದ್ದು ಕೇಬಲ್ ಮತ್ತು ಡಿಟಿಎಚ್. ಮೊಬೈಲಿನಲ್ಲಿ ಆಟ ಹರಿಯುವ ಕಾಲ ಅದಲ್ಲ. ಎರಡನೆಯದು, 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಹೀಗೆ ಹಂಚಿಕೊಂಡ ಸಿಗ್ನಲ್ ದೂರದರ್ಶನದ ಸ್ವಂತ ಟ್ರಾನ್ಸ್‌ಮಿಟರ್ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ಬರಬೇಕು, ಖಾಸಗಿ ಕೇಬಲ್‌ನಲ್ಲಿ ಕೊಡುವಂತಿಲ್ಲ ಎಂದಿತು. ಮೂರನೆಯದು ಪಟ್ಟಿ. ಕ್ರಿಕೆಟ್, ಹಾಕಿ, ಟೆನಿಸ್, ಫುಟ್‌ಬಾಲಿನ ದೊಡ್ಡ ಪಂದ್ಯಗಳಿಗೆ ಅಲ್ಲಿ ಜಾಗವಿದೆ. ಮೋಟಾರು ಓಟಕ್ಕಿಲ್ಲ, ಕಂಬಳಕ್ಕೂ ಇಲ್ಲ.

ಮೋಟಾರು ಓಟದ ಮೇಲಿನ ಈ ತಾತ್ಸಾರ ಹಳೆಯದು. 2011ರಿಂದ 2013ರವರೆಗೆ ಉತ್ತರ ಪ್ರದೇಶದಲ್ಲಿ ಭಾರತದ ಗ್ರ್ಯಾನ್ ಪ್ರೀ ನಡೆದಾಗ ಅಲ್ಲಿನ ಸರಕಾರ ಅದನ್ನು ಕ್ರೀಡೆ ಎನ್ನದೆ ಮನರಂಜನೆ ಎಂದು ತೆರಿಗೆ ಕೇಳಿತು. ಮೂರೇ ವರ್ಷಕ್ಕೆ ರೇಸ್ ನಿಂತಿತು. ಸರಕಾರ ಕ್ರೀಡೆ ಎನ್ನಲಿಲ್ಲ, ಟಿವಿ ತೋರಿಸುವುದನ್ನು ಬಿಟ್ಟಿತು. ಇನ್ನು ನಮ್ಮ ಮಕ್ಕಳು ಕನಸಿನಲ್ಲಿ ನೋಡಬೇಕು.

ಈಗ ನಮ್ಮ ಕರೆಗೆ ಬರೋಣ

ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ, ವೇಣೂರಿನ ಸೂರ್ಯ-ಚಂದ್ರ, ಹೊಕ್ಕಾಡಿಗೋಳಿಯ ವೀರ-ವಿಕ್ರಮ, ಕಕ್ಯಪದವಿನ ಸತ್ಯ-ಧರ್ಮ. ನಮ್ಮ ಮೂರು ತಾಲೂಕುಗಳಲ್ಲೇ ಎಷ್ಟು ಜೋಡುಕರೆ! ಇಲ್ಲಿ ಗದ್ದೆಯ ಬದಿ ನಿಂತು ನೋಡುವವನಿಗೆ ಟಿಕೆಟ್ ಕೇಳುವ ರೂಢಿ ಇಲ್ಲ. ಬರಲಾಗದವರಿಗೆ ಸ್ಥಳೀಯ ವಾಹಿನಿಗಳು, ಯೂಟ್ಯೂಬ್ ಚಾನೆಲ್‌ಗಳು ಹಗಲು ರಾತ್ರಿ ನೇರಪ್ರಸಾರ ಮಾಡುತ್ತವೆ. ಮುಂಬೈಯ ಹೋಟೆಲಿನಲ್ಲಿ ದುಡಿಯುವವನು, ದುಬೈಯಲ್ಲಿರುವ ಮಗ, ಹಾಸಿಗೆ ಹಿಡಿದ ಅಜ್ಜ, ಎಲ್ಲರೂ ಗಂತಿನಿಂದ ಮಂಜೊಟ್ಟಿಯವರೆಗೆ ಕೋಣಗಳ ಜೊತೆ ಕಣ್ಣಲ್ಲೇ ಓಡುತ್ತಾರೆ.

ಆದರೆ ಕಂಬಳ ಈಗ ದೊಡ್ಡದಾಗುತ್ತಿದೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕೋಣಗಳು ಓಡಿದವು. ಪ್ರಾಯೋಜಕರು ಬರುತ್ತಿದ್ದಾರೆ. ದೊಡ್ಡ ಹಣ ಬಂದಲ್ಲಿ ಒಂದಲ್ಲ ಒಂದು ದಿನ ಯಾರೋ ಬಂದು ಕೇಳುತ್ತಾರೆ: "ಇಡೀ ಸೀಸನ್ನಿನ ಪ್ರಸಾರದ ಹಕ್ಕು ನಮಗೊಬ್ಬರಿಗೇ ಕೊಡಿ, ಇಷ್ಟು ಲಕ್ಷ ಕೊಡುತ್ತೇವೆ." ಮೊದಲ ವರ್ಷ ಪುಕ್ಕಟೆ ತೋರಿಸುತ್ತಾರೆ. ಎರಡನೆಯ ವರ್ಷ ಸ್ಥಳೀಯ ಕ್ಯಾಮೆರಾಗಳನ್ನು ಗದ್ದೆಯಿಂದ ಹೊರಗೆ ಹಾಕುತ್ತಾರೆ. ಮೂರನೆಯ ವರ್ಷ ಚಂದಾ ಕೇಳುತ್ತಾರೆ. ಜಿಯೋ ಸಿನಿಮಾದ ದಾರಿ ನೋಡಿದವರಿಗೆ ಇದು ಭವಿಷ್ಯ ನುಡಿಯುವ ಮಾತಲ್ಲ, ಕಂಡದ್ದನ್ನು ಹೇಳುವ ಮಾತು.

ಸಮಿತಿಗಳಿಗೂ ಕಷ್ಟವಿದೆ, ಒಪ್ಪುತ್ತೇವೆ. ಕರೆ ಸಿದ್ಧ ಮಾಡುವುದು, ಬಹುಮಾನ, ಊಟ, ಬೆಳಕು ಎಲ್ಲಕ್ಕೂ ದುಡ್ಡು ಬೇಕು. ಕೋಣ ಸಾಕುವ ಯಜಮಾನರ ಖರ್ಚನ್ನಂತೂ ಕೇಳುವುದೇ ಬೇಡ. ಪ್ರಸಾರದಿಂದ ಹಣ ಬರುವುದಾದರೆ ಬರಲಿ. ಜಾಹೀರಾತು ಹಾಕಲಿ, ಪ್ರಾಯೋಜಕರ ಹೆಸರು ಹೇಳಲಿ. ಆದರೆ ನೋಡುವವನ ಬಾಗಿಲಿಗೆ ಬೀಗ ಹಾಕುವ ಷರತ್ತಿಗೆ ಸಹಿ ಹಾಕಬಾರದು.

ಯಾಕೆಂದರೆ ಕಂಬಳವನ್ನು ಉಳಿಸಿದ್ದು ನೋಡಿದ ಜನ. 2016ರಲ್ಲಿ ಹೈಕೋರ್ಟಿನ ತಡೆಯಿಂದ ಕರೆಗಳು ಖಾಲಿ ಬಿದ್ದಾಗ, 2017ರ ಜನವರಿಯಲ್ಲಿ ಇದೇ ಮೂಡುಬಿದಿರೆಯಲ್ಲಿ ಸಾವಿರಾರು ಮಂದಿ ಕೋಣಗಳನ್ನು ಕರೆದುಕೊಂಡು ಬೀದಿಗಿಳಿದರು. ಆ ವರ್ಷ ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಅಂದು ಬೀದಿಗೆ ಬಂದವರಲ್ಲಿ ಕೋಣ ಇರುವವರು ಎಷ್ಟು ಮಂದಿ? ಹೆಚ್ಚಿನವರು ಬರೀ ನೋಡುಗರು. ಚಿಕ್ಕಂದಿನಿಂದ ಪುಕ್ಕಟೆ ನೋಡಿ, ಇದು ತಮ್ಮದು ಎಂದು ನಂಬಿದವರು. ಫಾರ್ಮುಲಾ ಒನ್ ಟಿವಿಯಿಂದ ಎದ್ದು ಹೋದಾಗ ನಮ್ಮಲ್ಲಿ ಒಬ್ಬನೂ ಬೀದಿಗೆ ಇಳಿಯಲಿಲ್ಲ. ಅದು ತಮ್ಮದು ಎಂದು ಯಾರಿಗೂ ಅನಿಸಿರಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಕಂಬಳ ಸಮಿತಿಗಳು ಚೆನ್ನಾಗಿ ಯೋಚಿಸಲಿ.

ಏನು ಮಾಡಬೇಕು?

ಬರೀ ಗೊಣಗಿದರೆ ಸಾಲದು. ನಮ್ಮ ಬೇಡಿಕೆಗಳು ಇವು.

1. ಕೇಂದ್ರ ಸರಕಾರ 2007ರ ಕಾನೂನನ್ನು ತಿದ್ದಿ ಮೊಬೈಲ್ ಪ್ರಸಾರವನ್ನೂ ಅದರೊಳಗೆ ತರಬೇಕು. ಆ್ಯಪ್‌ನಲ್ಲಿ ಮಾತ್ರ ಬರುವ ಆಟದ ಸಿಗ್ನಲ್ ಕೂಡ ಫ್ರೀ ಡಿಶ್‌ಗೆ ಸಿಗಬೇಕು. ಪ್ರಸಾರ ಭಾರತಿ 2024ರಲ್ಲಿ ವೇವ್ಸ್ ಎಂಬ ಸ್ವಂತ ಆ್ಯಪ್ ತೆರೆದಿದೆ, ಅಲ್ಲಿಯೂ ಸಿಗಲಿ.

2. ರಾಷ್ಟ್ರೀಯ ಮಹತ್ವದ ಪಟ್ಟಿಗೆ ಮೋಟಾರು ಓಟ ಸೇರಲಿ. ಎಲ್ಲ 24 ರೇಸ್ ಬೇಡ. ಭಾರತೀಯ ಚಾಲಕರು ಸ್ಪರ್ಧಿಸುವ ಅಂತಾರಾಷ್ಟ್ರೀಯ ಓಟಗಳು ಮತ್ತು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ ಸಾಕು.

3. ದೇಶದ ಮೋಟಾರು ಕ್ರೀಡೆಯ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ತನ್ನ ರಾಷ್ಟ್ರೀಯ ಸ್ಪರ್ಧೆಗಳನ್ನು ಯಾರಿಗೆ ಮಾರಿದರೂ, ಕನಿಷ್ಠ ಮುಖ್ಯಾಂಶಗಳು ಎಲ್ಲರಿಗೂ ಕಾಣುವಂತೆ ಷರತ್ತು ಹಾಕಲಿ.

4. ಪ್ರತಿ ಸೀಸನ್ನಿನ ಒಂದೆರಡು ಕಂಬಳದ ಅಂತಿಮ ಓಟಗಳನ್ನಾದರೂ ದೂರದರ್ಶನ ಚಂದನ ನೇರವಾಗಿ ತೋರಿಸುವಂತೆ ನಮ್ಮ ಶಾಸಕರು, ಸಂಸದರು ಒತ್ತಾಯಿಸಲಿ.

5. ಜಿಲ್ಲಾ ಕಂಬಳ ಸಮಿತಿ ಮುಂದಿನ ಸೀಸನ್ನಿಗೆ ಮೊದಲೇ ಒಂದು ಠರಾವು ಮಾಡಲಿ: ಯಾವ ಕರೆಯ ನೇರಪ್ರಸಾರದ ಹಕ್ಕನ್ನೂ ಒಬ್ಬರಿಗೇ ಮಾರುವುದಿಲ್ಲ, ನೋಡುವವರಿಂದ ಚಂದಾ ಕೇಳಲು ಬಿಡುವುದಿಲ್ಲ, ಊರಿನ ಕ್ಯಾಮೆರಾಗಳಿಗೆ ಕರೆಯ ಬದಿಯಲ್ಲಿ ಜಾಗ ಇದ್ದೇ ಇರುತ್ತದೆ.

ಕೊನೆಯ ಬೇಡಿಕೆಗೆ ದಿಲ್ಲಿಯೂ ಬೇಡ, ಬೆಂಗಳೂರೂ ಬೇಡ. ಸಮಿತಿಯ ಸಭೆ ನಮ್ಮ ಊರಲ್ಲೇ ನಡೆಯುತ್ತದೆ, ಕೂರುವವರು ನಮ್ಮವರೇ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಕಾರು ರೇಸಿನ ಕೋಟೆ ಹೋಯಿತು, ಅದನ್ನು ಮರಳಿ ಪಡೆಯಲು ಸಮಯ ಹಿಡಿದೀತು. ಕಂಬಳದ ಕೋಟೆ ಇನ್ನೂ ನಮ್ಮ ಕೈಯಲ್ಲಿದೆ. ನಿಮ್ಮ ಊರಿನ ಸಮಿತಿಯಲ್ಲಿ ಪರಿಚಯದವರು ಇದ್ದರೆ ಈ ಬರಹವನ್ನು ಅವರಿಗೆ ಕಳುಹಿಸಿ. ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ನಮ್ಮ ಕಂಬಳದ ಕ್ಯಾಮೆರಾ ಯಾರ ಕೈಯಲ್ಲಿದೆ?"